ತೊಳೆದಿಟ್ಟ ಬಾಟಲಿಗಳು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬಾಟಲಿ ಅಕ್ಕ ಅಂತಲೇ. ಅವಳಿಗಿಂತ ದೊಡ್ಡವರೂ ಅಕ್ಕ ಅನ್ನುತ್ತಿದ್ದರು. ಆ ಹೆಸರು ಬರುವ ಮೊದಲು ಅವಳು ಗೊಂಬೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಸಾಲಾಗಿ ಬರುವ ಬೋಳು ಮುಖಗಳಿಗೆ ಕಣ್ಣು, ಹುಬ್ಬು, ತುಟಿ ಬರೆಯುವುದು ಅವಳ ಪಾಲಿನ ಕೆಲಸ. ಕಾರ್ಖಾನೆ ಬಾಗಿಲು ಹಾಕಿದ ದಿನ ಉಳಿದವರು ಕುರ್ಚಿ, ಫ್ಯಾನು ಅಂತ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರೆ, ಇವಳು ಅರ್ಧ ಖಾಲಿಯಾದ ಬಣ್ಣದ ಡಬ್ಬಿಗಳನ್ನೂ ಕೂದಲು ಉದುರಿದ ಕುಂಚಗಳನ್ನೂ ಚೀಲಕ್ಕೆ ತುಂಬಿಕೊಂಡು ಬಂದಳು. ಯಾತಕ್ಕೆ ಅಂತ ಆಗ ಅವಳಿಗೇ ಗೊತ್ತಿರಲಿಲ್ಲ.

ಗಂಡ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷಿನ್ ನಡೆಸುವವನು. ಒಳ್ಳೆಯ ಕೆಲಸಗಾರ, ಮಾತುಗಾರ, ಕುಡುಕ. ಕುಡಿದು ಹೊಡೆಯುವ ಪೈಕಿ ಅಲ್ಲ. ಕುಡಿದಷ್ಟೂ ಮೆತ್ತಗಾಗಿ, ಹೋಗಿ ಬರುವವರನ್ನೆಲ್ಲ ನೋಡಿ ನಗುತ್ತ ಹೊಸ್ತಿಲಲ್ಲೇ ಕೂತುಬಿಡುವವನು. ಬಾಟಲಿಗಳನ್ನು ಮಂಚದ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ, ಹಳೇ ಬೂಟಿನ ಡಬ್ಬದಲ್ಲಿ ಬಚ್ಚಿಡುತ್ತಿದ್ದ. ಅವಳು ಅವನ್ನು ಹುಡುಕಿ ತೆಗೆದು, ಒಂದಕ್ಕೊಂದು ತಾಗಿ ಸದ್ದಾಗದಂತೆ ಹಳೇ ಬಟ್ಟೆ ಸುತ್ತಿ, ಹತ್ತಿರದ ಗುಜರಿ ಅಂಗಡಿ ಬಿಟ್ಟು ದೂರದ ಇನ್ನೊಂದಕ್ಕೆ ಹೊತ್ತು ಹಾಕಿ ಬರುತ್ತಿದ್ದಳು. ಇಡೀ ಬೀದಿಗೆ ಗೊತ್ತಿದ್ದ ಗುಟ್ಟು ಅದು. ಆದರೂ ಅವಳು ಬಟ್ಟೆ ಸುತ್ತುವುದನ್ನು ಬಿಡಲಿಲ್ಲ.

ಒಂದು ಸಲ ಆ ಅಂಗಡಿ ಮುಚ್ಚಿತ್ತು. ಹೊತ್ತ ಚೀಲವನ್ನು ಹಾಗೇ ಹೊತ್ತು ವಾಪಸು ಬಂದಳು. ಮಗಳು ಸ್ಕೂಲಿನಿಂದ ಬರುವ ಹೊತ್ತು. ಎಲ್ಲಿಡಬೇಕು ತೋಚದೆ, ಬಣ್ಣದ ಡಬ್ಬಿ ತೆಗೆದು ಒಂದು ಬಾಟಲಿಗೆ ಮೈತುಂಬ ಬಿಳಿ ಬಳಿದಳು. ಒಣಗಿದ ಮೇಲೆ ಸಣ್ಣ ಸಣ್ಣ ನೀಲಿ ಹೂ ಬರೆದಳು. ಅದು ಏತರ ಬಾಟಲಿ ಅಂತ ಗೊತ್ತಾಗಬಾರದು, ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಮಗಳು ಅದನ್ನು ಕಿಟಕಿಯಲ್ಲಿಟ್ಟಳು. ಎದುರು ಮನೆಯ ದರ್ಜಿ ನೋಡಿ ಇಷ್ಟಪಟ್ಟು ತನಗೊಂದು ಮಾಡಿಸಿಕೊಂಡು ಅಂಗಡಿಯಲ್ಲಿಟ್ಟುಕೊಂಡ. ಬಟ್ಟೆ ಹೊಲಿಸಲು ಬಂದವರು ಅದನ್ನು ಮುಟ್ಟಿ ನೋಡಿ, ಯಾರು ಮಾಡಿದ್ದು ಅಂತ ಕೇಳತೊಡಗಿದರು. ಹೀಗೆ ಶುರುವಾಯಿತು.

ನೋಡುವವರಿಗೆ ಬಣ್ಣವಷ್ಟೇ ಕಾಣುತ್ತದೆ. ಕಷ್ಟ ಇರುವುದು ಅದಕ್ಕೂ ಮೊದಲು. ಬಿಸಿನೀರಿಗೆ ಸೋಡಾ ಪುಡಿ ಹಾಕಿ ಬಾಟಲಿ ಮುಳುಗಿಸಬೇಕು, ನೆಂದ ಲೇಬಲ್ ಸುಲಿಯಬೇಕು, ಹಠ ಹಿಡಿದ ಅಂಟನ್ನು ಬ್ಲೇಡಿನಿಂದ ಕೆರೆದು ಸೀಮೆಎಣ್ಣೆಯಲ್ಲಿ ಒರೆಸಬೇಕು, ಮತ್ತೆ ಸೋಪು ಹಚ್ಚಿ ತೊಳೆದು ಬೋರಲು ಹಾಕಬೇಕು. ಗಾಜಿನ ಮೇಲೆ ಚೂರು ಜಿಡ್ಡು ಉಳಿದರೂ ಬಣ್ಣ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಅವಳ ಉಗುರುಗಳು ಸವೆದು ಬೆರಳ ತುದಿಗಳು ಯಾವಾಗಲೂ ನೆನೆದ ಕಾಗದದ ಹಾಗಿರುತ್ತಿದ್ದವು.

ಗಂಡ ಇದನ್ನೂ ತಮಾಷೆ ಮಾಡಿಕೊಂಡ. "ಕಚ್ಚಾ ಮಾಲು ನಂದು, ಹೆಸರು ಮಾತ್ರ ಅವಳದು" ಅಂತ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳುತ್ತಿದ್ದ. ನಾವು ನಗುತ್ತಿದ್ದೆವು. ಅವಳು ಒಳಗೆ ಬ್ಲೇಡು ಹಿಡಿದು ಕೆರೆಯುತ್ತಿದ್ದಳು.

ಮಗಳಿಗೆ ಮದುವೆಯಾಗಿ ಅವಳು ಬಸುರಿಯಾದ ವರ್ಷ ಡಾಕ್ಟರು ಅವಳ ಅಪ್ಪನ ಹೊಟ್ಟೆ ಒತ್ತಿ ನೋಡಿ, ಲಿವರ್ ಕೆಟ್ಟಿದೆ, ಇನ್ನು ಕುಡಿದರೆ ತಮ್ಮ ಹತ್ತಿರ ಕರೆದುಕೊಂಡು ಬರುವುದೇ ಬೇಡ ಎಂದರು. ಮೊಮ್ಮಗುವಿನ ಮುಖ ನೋಡಬೇಕು ಅಂತ ಅವನು ಬಿಟ್ಟ. ಯಾರೂ ನಂಬಲಿಲ್ಲ, ಆದರೆ ನಿಜವಾಗಿ ಬಿಟ್ಟ. ಕೈ ನಡುಗುತ್ತಿತ್ತು. ಆ ಕೈಯನ್ನು ಮಷಿನ್ ಹತ್ತಿರ ಬಿಡಲು ಹೆದರಿ ಪ್ರೆಸ್ಸಿನವರು ಮನೆಗೆ ಕಳಿಸಿದರು. ದಿನವಿಡೀ ಮನೆಗೆ ಬಂದ ನೆಂಟನ ಹಾಗೆ ಇದ್ದ. ಈ ಕುರ್ಚಿಯಿಂದ ಆ ಕುರ್ಚಿಗೆ, ಕಿಟಕಿಯಿಂದ ಬಾಗಿಲಿಗೆ.

ಬಾಟಲಿಗಳು ಈಗ ಗುಜರಿ ಅಂಗಡಿಯಿಂದ ಮೂಟೆಯಲ್ಲಿ ಬರುತ್ತಿದ್ದವು. ಒಂದು ದಿನ ಅವನೇ, "ನಂಗೂ ಏನಾದ್ರೂ ಕೆಲಸ ಕೊಡೇ" ಅಂತ ಕೇಳಿದ. ಅವಳು ಟಬ್ಬು, ಬ್ಲೇಡು ಅವನ ಮುಂದಿಟ್ಟಳು.

ಹೆರಿಗೆಗೆ ಬಂದಿದ್ದ ಮಗಳಿಗೆ ಅದು ಸರಿ ಕಾಣಲಿಲ್ಲ. ಅಮ್ಮನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಆ ಕೆಲಸ ಅಪ್ಪಂಗೆ ಬೇಡಮ್ಮ. ಬೇರೆ ಏನಾದ್ರೂ ಕೊಡು."

"ಖಾಲಿ ಬಾಟ್ಲಿ ಕಣೇ. ಅದ್ರಲ್ಲಿ ಏನಿರುತ್ತೆ?"

ಆ ಒಂದು ವರ್ಷದಷ್ಟು ಒಳ್ಳೆಯ ಕಾಲ ಆ ಮನೆಯಲ್ಲಿ ಎಂದೂ ಇರಲಿಲ್ಲ ಅಂತ ಪಕ್ಕದ ಮನೆಯವರಾದ ನಾವು ಹೇಳಬಲ್ಲೆವು. ಹಿತ್ತಲಲ್ಲಿ ಇಬ್ಬರೂ ಎದುರುಬದುರು ಕೂರುತ್ತಿದ್ದರು. ಅವನು ಲೇಬಲ್‌ಗಳನ್ನು ಹರಿಯದಂತೆ ಇಡಿಯಾಗಿ ಸುಲಿದು ಗೋಡೆಗೆ ಅಂಟಿಸಿ, ಇದರಲ್ಲಿ ಕೆಂಪು ಸರಿಯಾಗಿ ಕೂತಿಲ್ಲ, ಇದರ ಅಂಚು ಜರುಗಿದೆ, ಯಾವ ಪ್ರೆಸ್ಸಿನವನೋ ಪುಣ್ಯಾತ್ಮ ಅಂತ ತೀರ್ಪು ಕೊಡುತ್ತಿದ್ದ. ಅವಳು ಬಿದ್ದು ಬಿದ್ದು ನಗುವುದು ಗೋಡೆಯಾಚೆ ನಮಗೆ ಕೇಳಿಸುತ್ತಿತ್ತು. ಮೊಮ್ಮಗಳು ಹುಟ್ಟಿದಳು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಎದ್ದು ಹೋಗಿ ತೊಟ್ಟಿಲು ತೂಗಿ ಬರುತ್ತಿದ್ದ.

ಹೊಸದಾಗಿ ತೆರೆಯುತ್ತಿದ್ದ ಒಂದು ಹೋಟೆಲ್ಲಿನವರು ಮೇಜಿಗೊಂದರಂತೆ ದೀಪದ ಬಾಟಲಿ ಬೇಕು ಅಂತ ದೊಡ್ಡ ಆರ್ಡರು ಕೊಟ್ಟರು. ಎಲ್ಲ ಒಂದೇ ಆಕಾರ ಇರಬೇಕು. ಗುಜರಿಯವನು ಬಾರಿನಿಂದ ನೇರವಾಗಿ ಮೂಟೆ ತಂದು ಇಳಿಸಿದ. ಅವಳು ಮಾದರಿ ತೋರಿಸಿ ಬರಲು ಹೋಟೆಲ್ಲಿಗೆ ಹೋಗಿದ್ದಳು. ಅಲ್ಲಿ ಬೇಗ ಕೆಲಸ ಮುಗಿದು ಮಧ್ಯಾಹ್ನವೇ ಮನೆಗೆ ಬಂದು ಹಿತ್ತಲ ಬಾಗಿಲು ತೆಗೆದಳು.

ಟಬ್ಬಿನ ಪಕ್ಕ ಸ್ಟೀಲ್ ಲೋಟ. ಅವನು ಒಂದು ಬಾಟಲಿಯನ್ನು ತಲೆಕೆಳಗು ಮಾಡಿ ಲೋಟದ ಬಾಯಿಗೆ ಹಿಡಿದು ಕೂತಿದ್ದ. ತಳದಲ್ಲಿದ್ದ ಒಂದು ಹನಿ ಜಾರಿ ಬರುವುದನ್ನೇ ಕಾಯುತ್ತಿದ್ದ. ಲೋಟದಲ್ಲಿ ಆಗಲೇ ಕಾಲು ಭಾಗ ಸೇರಿತ್ತು.

"ಹೆಂಗೂ ಚೆಲ್ಲೋದೇ ಅಲ್ವೇನೇ" ಅಂದ ಅವನು.

ಎಷ್ಟು ದಿನದಿಂದ ಅಂತ ಅವಳು ಕೇಳಿದಳು. ಅವನು ಬಾಟಲಿಯನ್ನು ಮೆಲ್ಲಗೆ ನೀರಿಗೆ ಬಿಟ್ಟು, ಅದರ ಲೇಬಲ್ ಸುಲಿಯಲು ಶುರು ಮಾಡಿದ. ಅವಳು ಲೋಟ ಎತ್ತಿ ಬಚ್ಚಲಿಗೆ ಸುರಿದು, ಟಬ್ಬನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಬೈದಿದ್ದರೆ ಅಲ್ಲೇ ಕೂತಿರುತ್ತಿದ್ದನೋ ಏನೋ. ಬೈಯಲಿಲ್ಲ. ಸಂಜೆಯ ಹೊತ್ತಿಗೆ ಅವನು ಹಿತ್ತಲ ಗೇಟಿನಿಂದ ಹೊರಬಿದ್ದು ಹೆಂಡದಂಗಡಿ ಸೇರಿದ್ದ. ಅಷ್ಟು ದಿನ ಹನಿಯಲ್ಲೇ ತಡೆದುಕೊಂಡಿದ್ದವನಿಗೆ ಆಮೇಲೆ ತಡೆ ಸಿಗಲಿಲ್ಲ.

ರಕ್ತ ವಾಂತಿಯಾಗಿ ಆಸ್ಪತ್ರೆಗೆ ಸೇರಿಸಿದಾಗ ಕಣ್ಣು ಹಳದಿಯಾಗಿತ್ತು. ಪ್ರಜ್ಞೆ ಇದ್ದಷ್ಟು ಹೊತ್ತು, ಆರ್ಡರು ಮುಟ್ಟಿಸಿದೆಯಾ, ತೊಳೆಯುವವರು ಯಾರಿದ್ದಾರೆ ಅಂತ ಅದನ್ನೇ ವಿಚಾರಿಸುತ್ತಿದ್ದ. ಎಲ್ಲ ಮುಟ್ಟಿಸಾಯ್ತು ರೀ ಅಂತ ಅವಳು ಸುಳ್ಳು ಹೇಳಿದಳು. ಮಾರನೇ ದಿನ ತೀರಿಕೊಂಡ.

ನಾನು ಆವತ್ತೇ ಹೇಳಿದ್ದೆ ಅನ್ನುವ ಮಾತು ಮಗಳ ಬಾಯಿಂದ ಒಂದು ಸಲವೂ ಬರಲಿಲ್ಲ. ಬಂದಿದ್ದರೆ ಅಮ್ಮನ ಎದೆ ಸ್ವಲ್ಪ ಹಗುರಾಗುತ್ತಿತ್ತು. ಮಗಳು ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೋದವಳು ಫೋನು ಮಾಡಿದರೆ ಊಟ ಆಯ್ತಾ, ಮಗು ಮಲಗಿದೆ ಅಂತ ಅಷ್ಟಕ್ಕೇ ಮಾತು ಮುಗಿಸುತ್ತಿದ್ದಳು.

ಒಪ್ಪಿಕೊಂಡ ಕೆಲಸ ಬಾಕಿಯಿತ್ತು. ಉಳಿದ ಬಾಟಲಿಗಳನ್ನು ಬಾಟಲಿ ಅಕ್ಕ ಒಬ್ಬಳೇ ತೊಳೆದಳು. ಒಂದೊಂದನ್ನೂ ಮೊದಲು ಬಗ್ಗಿಸಿ, ತಳದಲ್ಲಿದ್ದದ್ದನ್ನು ಚೆಲ್ಲಿ, ಆಮೇಲೆ ನೀರಿಗೆ ಹಾಕುತ್ತಿದ್ದಳು. ಎಷ್ಟು ಸಿಗುತ್ತಿತ್ತು ಅವನಿಗೆ ಅಂತ ನೋಡುತ್ತಿದ್ದಳಂತೆ. ಹೋಟೆಲ್ಲಿನವರು ದೀಪ ಹಚ್ಚಿ ಬಹಳ ಮೆಚ್ಚಿಕೊಂಡರು. ಅದಾದ ಮೇಲೆ ಅವಳು ಹೆಂಡದ ಬಾಟಲಿ ಮುಟ್ಟಲಿಲ್ಲ. ಜಾಮಿನ ಬಾಟಲಿ, ಸಾಸಿನ ಬಾಟಲಿ, ಕೆಮ್ಮಿನ ಔಷಧಿಯ ಬಾಟಲಿ ಸಾಕು ಅಂದಳು. ಇವು ಕುಳ್ಳಗಿವೆ, ಶೋ ಬರಲ್ಲ ಅಂತ ಗಿರಾಕಿಗಳು ಕಡಿಮೆಯಾದರು.

ಒಮ್ಮೆ ನನ್ನ ಜೊತೆ ಕಟ್ಟೆಯ ಮೇಲೆ ಕೂತಿದ್ದಾಗ ತಾನಾಗಿಯೇ ಅಂದಳು: "ಆ ಟಬ್ಬು ಕೊಡದೇ ಇದ್ದಿದ್ರೆ ಬದುಕಿರೋರೇನೋ. ಆದ್ರೆ ಅವ್ರು ನನ್ನ ಜೊತೆ ಕೂತಿದ್ದು ಅದೊಂದೇ ವರ್ಷ. ಯಾವ್ದು ಬೇಡ ಅನ್ಲಿ?"

ಉತ್ತರಕ್ಕೂ ಕಾಯದೆ ಎದ್ದು ಒಳಗೆ ಹೋದಳು.

ಮಗಳು ಬಂದದ್ದು ಮಗು ನಡೆಯಲು ಕಲಿತ ಮೇಲೆ. ಹಿತ್ತಲ ಗೋಡೆಯ ಮೇಲೆ ಅಪ್ಪ ಅಂಟಿಸಿದ್ದ ಲೇಬಲ್‌ಗಳು ಬಿಸಿಲಿಗೆ ಬಣ್ಣ ಹೋಗಿ ಅಂಚು ಸುರುಳಿ ಸುತ್ತಿದ್ದವು. ಅವಳು ಒಂದರ ಅಂಚನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಕಿತ್ತು ಹಾಕಲೇನಮ್ಮ ಅಂತ ಕೇಳಿದಳು. ಅಮ್ಮ ತಲೆಯಾಡಿಸಿ ಬೇಡ ಎಂದಳು. ಮಗಳು ಒಳಗೆ ಹೋಗಿ ಅಂಟು ತಂದು, ಎದ್ದು ಬಂದಿದ್ದ ಅಂಚುಗಳನ್ನು ಒಂದೊಂದಾಗಿ ಒತ್ತಿ ಕೂರಿಸತೊಡಗಿದಳು.