ಡೊಂಬಿವಲಿಯಿಂದ ಘೋಡಬಂದರಿಗೆ, ಮೊಮ್ಮಗಳನ್ನು ಕರೆತರಲು

ಬೆಳಿಗ್ಗೆ ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ರೈಲು ಹತ್ತಿದೆ. ಮಗಳು ಸುಜಾತಳನ್ನೂ ಅವಳ ಕೂಸನ್ನೂ ಬಾಣಂತನಕ್ಕೆ ನಮ್ಮ ಮನೆಗೆ ಕರೆತರಬೇಕಿತ್ತು. ಠಾಣೆಗೆ ಟಿಕೆಟ್ ಹತ್ತು ರೂಪಾಯಿ. ಬರುವಾಗ ಮಾತ್ರ ಟ್ಯಾಕ್ಸಿಯೇ ಎಂದು ಮೊದಲೇ ನಿಶ್ಚಯಿಸಿದ್ದೆ.

ದಿನ ತುಂಬುವ ಹೊತ್ತಿಗೆ ಮಗಳಿಗೆ ಡೆಂಗ್ಯೂ ಬಂದಿತ್ತು. ಜ್ವರದ ಬೆನ್ನಿಗೇ ಹೆರಿಗೆಯೂ ಆಯಿತು. ಕೂಸಿಗೂ ಅಂಟಿರಬಹುದೆಂದು ಆಸ್ಪತ್ರೆಯವರು ಇಬ್ಬರನ್ನೂ ಇಟ್ಟುಕೊಂಡು ನೋಡಿದರು, ನಮ್ಮನ್ನು ಒಳಗೆ ಬಿಡಲಿಲ್ಲ. ಆ ದಿನಗಳಲ್ಲಿ ನಾನೂ ನನ್ನ ಹೆಂಡತಿ ಗಿರಿಜೆಯೂ ಹೆದರಿಕೆಯಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಕೂಸಿಗೆ ಏನೂ ಇಲ್ಲವೆಂದು ಇಬ್ಬರನ್ನೂ ಘೋಡಬಂದರಿನ ಅವರ ಮನೆಗೆ ಕಳಿಸಿದ್ದರು.

ಅಂಥ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಸೀಟಿನಲ್ಲಿ ಸರಿದು ಜಾಗ ಕೊಟ್ಟ ಮರಾಠಿಯವನಿಗೆ ಮೊಮ್ಮಗಳು ಹುಟ್ಟಿದ್ದಾಳೆಂದೆ. ದಿವಾ ದಾಟುವಾಗ ಎದುರಿನವರಿಗೂ ಹೇಳಿದೆ. ಮುಂಬ್ರಾದಲ್ಲಿ ಹತ್ತಿದವರಿಗೆ ಹೇಳುವ ಕೆಲಸವನ್ನು ಆ ಮರಾಠಿಯವನೇ ವಹಿಸಿಕೊಂಡ.

ಠಾಣೆಯಿಂದ ಘೋಡಬಂದರ್ ರಸ್ತೆಯ ಬಸ್ಸು. ಮಳೆ ಬಿಟ್ಟು ಬಿಸಿಲು ಬಂದಿತ್ತು. ರಸ್ತೆ ಅಗೆದಲ್ಲೆಲ್ಲ ನೀರು ನಿಂತಿತ್ತು. ಬಸ್ಸು ತೆವಳುತ್ತಾ ಹೋಯಿತು.

ಅಳಿಯ ಪ್ರಸನ್ನ ಬೆಂಗಳೂರಿನವನು. ಬಾಗಿಲು ತೆರೆದವನೇ ಮೊದಲು ನನ್ನ ಕೈ ತೊಳೆಸಿದ. ಕೂಸು ಹಾಡುಹಗಲಲ್ಲಿ ಸೊಳ್ಳೆಪರದೆಯೊಳಗೆ ಮಲಗಿತ್ತು. ಹಗಲು ಪರದೆ ಯಾಕಪ್ಪ ಎಂದು ನಕ್ಕೆ. ಅವನು ನಗಲಿಲ್ಲ. ಡೆಂಗ್ಯೂ ತರುವ ಸೊಳ್ಳೆಗೆ ಈಡಿಸ್ ಎಂದು ಹೆಸರಂತೆ, ಕಪ್ಪು ಕಾಲಿಗೆ ಬಿಳಿ ಪಟ್ಟಿಗಳಂತೆ, ಕಚ್ಚುವುದು ಹೆಚ್ಚಾಗಿ ಹಗಲಿನಲ್ಲೇ. ಚಿಕೂನ್‌ಗುನ್ಯ ಹರಡುವುದೂ ಅದೇ. ಗಟಾರದ ಕೊಳೆನೀರಿಗಿಂತ ಅದಕ್ಕೆ ನಾವು ಹಿಡಿದಿಡುವ ಶುದ್ಧ ನೀರೇ ಬೇಕು. ಪಾತ್ರೆಯ ಒಳಮೈಗೆ ಮೊಟ್ಟೆ ಅಂಟಿಸಿ ಹೋದರೆ, ನೀರು ಒಣಗಿದರೂ ಅವು ಸಾಯುವುದಿಲ್ಲವಂತೆ.

ಕೂಸನ್ನು ನನ್ನ ಮಡಿಲಿಗೆ ಕೊಟ್ಟರು. ಹೋಟೆಲ್ ಕೆಲಸದಲ್ಲಿ ಕಾದ ಇಡ್ಲಿ ತಟ್ಟೆ ಹಿಡಿದು ಹಿಡಿದು ನನ್ನ ಅಂಗೈ ಮರಗಟ್ಟಿದೆ. ಆದರೂ ಆ ಬೆನ್ನಿನ ಬಿಸುಪು ತಿಳಿಯಿತು. ಕಣ್ಣು ತುಂಬಿ ಬಂತು.

ಆಗ ಮಗಳು ಕೇಳಿದಳು: "ಅಪ್ಪ, ಡೊಂಬಿವಲಿಯ ನಮ್ಮ ಬಿಲ್ಡಿಂಗಲ್ಲಿ ಯಾರಿಗಾದ್ರೂ ಜ್ವರ ಉಂಟಾ?"

ಇಲ್ಲ ಎಂದಿದ್ದರೆ ಟ್ಯಾಕ್ಸಿ ಕರೆಯಬಹುದಿತ್ತು. ಹುಟ್ಟಿದ ಕೂಸನ್ನು ನಮ್ಮ ಹೊಸ್ತಿಲು ದಾಟಿಸಬೇಕೆಂದು ಎಷ್ಟು ಆಸೆಪಟ್ಟಿದ್ದೆ! ಕೂಸಿನ ಮುಖ ನೋಡಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಉಂಟು ಮಗಾ. ಕೆಳಗಿನ ಮನೆಯ ಅಜ್ಜಿಗೆ ಡೆಂಗ್ಯೂ ಅಂತೆ. ಎದುರು ಮನೆಯ ಮಕ್ಕಳೂ ಮಲಗಿದ್ದಾರೆ."

ಮಗಳು ಕೂಸನ್ನು ನನ್ನ ಮಡಿಲಿಂದ ಎತ್ತಿ ಮತ್ತೆ ಪರದೆಯೊಳಗೆ ಮಲಗಿಸಿದಳು.

"ಬೇಜಾರ್ ಮಾಡ್ಕೋಬೇಡಿ ಮಾವ," ಎಂದ ಪ್ರಸನ್ನ. "ಬಾಣಂತನ ಇಲ್ಲೇ ಆಗ್ಲಿ. ಡೆಂಗ್ಯೂ ಎರಡನೇ ಸಲ ಬಂದ್ರೆ ಇವಳಿಗೆ ಇನ್ನೂ ಜೋರಾಗ್ಬಹುದು ಅಂದಿದಾರೆ ಡಾಕ್ಟ್ರು."

ಗಿರಿಜೆಗೆ ಫೋನು ಮಾಡಿದೆ. ನಮ್ಮಲ್ಲಿ ನಳದ ನೀರು ಸ್ವಲ್ಪ ಹೊತ್ತು ಮಾತ್ರ. ಬಾಣಂತಿಯ ಸ್ನಾನಕ್ಕೆಂದು ಅವಳು ತಾಮ್ರದ ಹಂಡೆ, ಡ್ರಮ್ಮು, ಬಕೆಟು ಎಲ್ಲವನ್ನೂ ಹಿಂದಿನ ದಿನದಿಂದಲೇ ತುಂಬಿಸಿಟ್ಟಿದ್ದಳು.

"ತಾಯಿಮನೆಯಲ್ಲಿ ಬಾಣಂತನ ಇಲ್ಲ ಅಂದ್ರೆ ನಾಲ್ಕು ಜನ ಎಂತ ಹೇಳ್ತಾರೆ?"

ಹೇಳಲಿ ಎಂದೆ. ಹಂಡೆಯ ನೀರು ಚೆಲ್ಲಿ, ಒಳಗೆಲ್ಲ ತಿಕ್ಕಿ ತೊಳೆದು, ಕವುಚಿಹಾಕು. ನಾಳೆ ನೀನೇ ಇಲ್ಲಿಗೆ ಹೊರಡು ಎಂದೆ. ಗೀಸರಿನ ನೀರಲ್ಲಿ ಬಾಣಂತಿಗೆ ಎಂಥ ಸ್ನಾನ ಎಂದು ಗೊಣಗಿ ಫೋನಿಟ್ಟಳು.

ಊಟ ಮಾಡಿ ಒಬ್ಬನೇ ಹೊರಟೆ. ಕೆಳಗೆ ಗೇಟಿನಿಂದ ತಿರುಗಿ ನೋಡಿದರೆ ಅಷ್ಟು ಕಿಟಕಿಗಳಲ್ಲಿ ಯಾವುದು ನಮ್ಮದೆಂದು ತಿಳಿಯಲಿಲ್ಲ. ಎಲ್ಲದಕ್ಕೂ ಸೇರಿಸಿ ಕೈ ಬೀಸಿದೆ.

ಸಂಜೆ ಮನೆ ಮುಟ್ಟಿದಾಗ ಗಿರಿಜೆಯ ಬ್ಯಾಗು ಬಾಗಿಲ ಬಳಿ ಸಿದ್ಧವಾಗಿತ್ತು. ಮನೆಯ ಹೊರಗಿನ ಗ್ಯಾಲರಿಯಲ್ಲಿ ಹಂಡೆ, ಡ್ರಮ್ಮು ಎಲ್ಲ ಬೋರಲು. ಬಾಯಾರಿದೆ, ಒಂದು ಲೋಟ ನೀರು ಕೊಡು ಎಂದೆ. ಕುಡಿಯುವ ಕೊಡವನ್ನೂ ತಿಕ್ಕಿ ಕವುಚಿಬಿಟ್ಟಿದ್ದಳು. ಪಕ್ಕದ ಮನೆಗೆ ಹೋಗಿ ತಂದುಕೊಟ್ಟಳು. ನಾನು ಕುಡಿಯುತ್ತಿದ್ದಾಗ ಎದುರು ಕುಳಿತು, ಮೆಲ್ಲಗೆ, ದಿನವಿಡೀ ತಡೆದಿಟ್ಟದ್ದನ್ನು ಕೇಳಿದಳು:

"ಕೂಸಿಗೆ ಮೂಗು ಯಾರದ್ದು?"

"ನಿನ್ನದೇ," ಎಂದೆ.