ಚೆನ್ನಾಗಿದ್ದುದಕ್ಕೆ ಕಟ್ಟಿದ ದಾರ

ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ದಾರದಕ್ಕ ಎನ್ನುತ್ತಾರೆ. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿದು, ತಪ್ಪಿದ್ದಲ್ಲಿ ಕೆಂಪು ದಾರದ ತುಂಡು ಕಟ್ಟುವುದು ಅವಳ ಕೆಲಸ. ಸರಿಯಿದ್ದ ಅಂಗಿ ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಹದಿನೇಳು ವರ್ಷದಿಂದ ಹೀಗೇ. ತಪ್ಪು ಹಿಡಿಯುವವಳ ಪಕ್ಕ ಕೂತು ಊಟದ ಡಬ್ಬಿ ಬಿಚ್ಚುವವರು ಯಾರೂ ಇಲ್ಲ.

ಮನೆಯಲ್ಲೂ ಅದೇ ಪದ್ಧತಿ. ಐದಕ್ಕೆ ಎದ್ದು ನೀರು ತುಂಬಿಸಿ, ಅಡುಗೆ ಮಾಡಿ, ಎರಡು ಡಬ್ಬಿ ಕಟ್ಟಿ, ಗಂಡನ ಕಾಲುಚೀಲದ ಜೋಡಿ ಹುಡುಕಿಟ್ಟು ಹೊರಡುತ್ತಾಳೆ. ಒಮ್ಮೆ ಅವಳೇ ಕೇಳಿದ್ದಳು, "ಉಪ್ಪು ಸರಿ ಇತ್ತಾ?"

"ಏನೂ ಹೇಳಲಿಲ್ಲ ಅಂದ್ರೆ ಸರಿ ಇತ್ತು ಅಂತ ತಾನೆ?" ಎಂದಿದ್ದ ಗಂಡ, ಪೇಪರಿನಿಂದ ತಲೆ ಎತ್ತದೆ.

ಈ ವರ್ಷ ಅವಳಿಗೆ ಅಳು ಬರುತ್ತಿರಲಿಲ್ಲ, ಕೆಲಸವೂ ನಿಲ್ಲುತ್ತಿರಲಿಲ್ಲ. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಸಿಕ್ಕಂತೆ ಅನಿಸುತ್ತಿರಲಿಲ್ಲ. ಕಾರ್ಖಾನೆಗೆ ಆರೋಗ್ಯ ತಪಾಸಣೆಗೆ ಬಂದ ಡಾಕ್ಟರಮ್ಮ ಎಲ್ಲ ಕೇಳಿ, ಇದು ಸಣ್ಣ ಪ್ರಮಾಣದ ಖಿನ್ನತೆ ಎಂದರು. "ಕೆಟ್ಟದ್ದಾದ್ರೆ ನಿಮ್ಮ ಮನಸ್ಸು ಒಂದೇ ಸಲಕ್ಕೆ ಪಾಠ ಕಲಿಯುತ್ತೆ. ಒಳ್ಳೇದು ಹತ್ತು ಸಲ ಆದ್ರೂ ಉಳಿಸಿಕೊಳ್ಳಲ್ಲ. ದಿನಕ್ಕೆ ಒಂದಾದ್ರೂ ಒಳ್ಳೇದನ್ನ ಗುರುತು ಹಾಕಿಕೊಳ್ಳಿ. ಮುಂದಿನ ತಿಂಗಳು ಬಂದು ತೋರಿಸಿ."

ಬರೆಯುವುದು ಅವಳಿಗೆ ಒಗ್ಗದು. ನೀಲಿ ದಾರದ ಉಂಡೆಯೊಂದನ್ನು ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡಳು. ಒಳ್ಳೆಯದೊಂದು ಕಂಡ ದಿನ ಅದರ ಒಂದು ತುಂಡನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟುವುದು ಎಂದುಕೊಂಡಳು. ಐದು ದಿನದಲ್ಲಿ ಒಂದೇ ಒಂದು ಕಟ್ಟಿದಳು, ಅದೂ ಅನುಮಾನದಿಂದಲೇ.

ಅದೇ ವಾರ, ಗುರುವಾರ, ಮೇಲ್ವಿಚಾರಕಿ ಕರೆದಿದ್ದರು. "ಹೊಸಬರು ಆರು ಜನ ಬರ್ತಾರೆ. ಕಲಿಸೋಕೆ ನೀವು ಬನ್ನಿ. ಶನಿವಾರದೊಳಗೆ ಹೇಳಿ, ಇಲ್ಲಾಂದ್ರೆ ಹೊರಗಿನವರನ್ನ ತರ್ತಾರೆ."

ಒಂಟಿಯಾಗಿ ಕೂರುವ ಆ ಮೇಜಿನಿಂದ ಏಳಲು ಬೇರೆ ದಾರಿಯಿರಲಿಲ್ಲ. ಆದರೂ ಬಾಯಿಗೆ ಬಂದದ್ದು "ಬೇಡ" ಎಂಬ ಮಾತೇ. ಮೂರು ವರ್ಷದ ಹಿಂದೆ ಅವಳು ಕಲಿಸಿದ ಐವರಲ್ಲಿ ಒಬ್ಬಳು ಎರಡನೇ ವಾರವೇ ಅಳುತ್ತ ಕೆಲಸ ಬಿಟ್ಟಿದ್ದಳು. ಕಿತ್ತುಹೋಗಿದ್ದ ಅವಳ ಚಪ್ಪಲಿಯ ಪಟ್ಟಿಯೂ ದಾರದಕ್ಕನಿಗೆ ನೆನಪಿತ್ತು. ಉಳಿದ ನಾಲ್ವರು ಏನಾದರು ಎಂದು ಅವಳು ಯೋಚಿಸಿದವಳೇ ಅಲ್ಲ. "ಬೇಡ" ಎಂಬುದನ್ನು ತಡೆದುಕೊಂಡು, "ನಾಳೆ ಹೇಳ್ತೀನಿ" ಎಂದು ಬಂದಳು.

ಶುಕ್ರವಾರ ಅವಳ ಮೇಜಿಗೆ ಹನ್ನೆರಡು ಅಂಗಿಗಳ ಒಂದು ಕಟ್ಟು ಬಂತು. ಕಾಲರಿನ ಎರಡು ಮೂಲೆಗಳೂ ಸಮ, ಹೊಲಿಗೆ ಗೆರೆ ಎಳೆದಂತೆ. ಕೈ ತಾನಾಗಿ ಜೇಬಿಗೆ ಹೋಯಿತು. ಹನ್ನೆರಡಕ್ಕೂ ನೀಲಿ ದಾರ ಕಟ್ಟಿದಳು.

ಮಧ್ಯಾಹ್ನ ಪ್ಯಾಕಿಂಗಿನ ಹೆಂಗಸು ಇಡೀ ಕಟ್ಟನ್ನು ಹೊತ್ತುಕೊಂಡು ವಾಪಸು ಬಂದಳು. "ಅಕ್ಕಾ, ಹುಡುಕಿ ಹುಡುಕಿ ಕಣ್ಣೇ ಹೋಯ್ತು. ತಪ್ಪೆಲ್ಲಿದೆ, ನೀವೇ ತೋರಿಸಿ."

"ತಪ್ಪಿಲ್ಲ. ಚೆನ್ನಾಗಿದೆ ಅಂತ ಕಟ್ಟಿದೆ."

"ಚೆನ್ನಾಗಿರೋದಕ್ಕೂ ದಾರ ಕಟ್ತಾರಾ? ದಾರ ನೋಡಿದ್ರೇ ನಮಗೆ ಎದೆ ಧಸಕ್ ಅನ್ನುತ್ತೆ." ಅವಳು ಕಟ್ಟಿನ ಚೀಟಿ ತಿರುಗಿಸಿದಳು. "ಇದು ಗಿಡ್ಡಿ ಹೊಲಿದಿದ್ದು. ನೀವೇ ಕಲಿಸಿದವಳಲ್ವಾ? ದಾರ ನೋಡಿ ಅಲ್ಲಿ ಮುಖ ಸಪ್ಪೆ ಮಾಡ್ಕೊಂಡು ಕೂತಿದಾಳೆ. ಹೋಗಿ ಹೇಳಿ."

ದಾರದಕ್ಕ ಕಟ್ಟನ್ನು ಎತ್ತಿಕೊಂಡು ಹೋಗಿ ಹೇಳಿದಳು. ಗಿಡ್ಡಿ ಕಣ್ಣು ಕಿರಿದು ಮಾಡಿ ನೋಡಿದಳು. "ನಿಜವಾಗ್ಲೂ? ಮೂರು ವರ್ಷದಲ್ಲಿ ನೀವು ನನ್ನ ಮಿಷನ್ ಹತ್ರ ಬಂದ್ರೆ ಬೈಸ್ಕೊಳ್ಳೋದು ಅಂತಲೇ ಲೆಕ್ಕ."

"ನನಗೂ ಅದೇ ಲೆಕ್ಕ ಇತ್ತು."

ಗಿಡ್ಡಿ ಒಂದು ನೀಲಿ ದಾರ ಬಿಚ್ಚಿ ತನ್ನ ಮಿಷನ್ನಿನ ದೀಪಕ್ಕೆ ಸುತ್ತಿದಳು. "ನನ್ನ ಜೊತೆ ನಿಮ್ಮ ಹತ್ರ ಕಲಿತ ಉಳಿದ ಮೂವರನ್ನೂ ನೋಡಿ ಅಕ್ಕ. ಇದೇ ಸಾಲಿನಲ್ಲಿದಾರೆ."

ನೋಡಿದಳು. ಮೂವರೂ ಇದ್ದರು, ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಸಂತೋಷವೇನೂ ಉಕ್ಕಲಿಲ್ಲ. ಆದರೂ ಸಂಜೆ ಮನೆಗೆ ಹೊರಡುವ ಮುಂಚೆ ಮೇಲ್ವಿಚಾರಕಿಯ ಬಾಗಿಲಿಗೆ ಹೋಗಿ, ಮನಸ್ಸು ಏನು ಹೇಳುತ್ತದೆಂದು ಕಾಯದೆ, "ನಾನೇ ಕಲಿಸ್ತೀನಿ, ಎರಡು ಬಣ್ಣದ ದಾರ ಬೇಕು" ಎಂದಳು.

ಮನೆಯಲ್ಲಿ ಅವಳು ಸರಳಿಗೆ ಎರಡನೇ ದಾರ ಕಟ್ಟುತ್ತಿದ್ದಾಗ ಗಂಡ ನೀರು ಕುಡಿಯಲು ಬಂದ.

"ಏನದು ದಾರ? ಏನಾದ್ರೂ ತಪ್ಪಾಯ್ತಾ?"

"ಇಲ್ಲ."

ಅವನು ಲೋಟವನ್ನು ತೊಟ್ಟಿಯಲ್ಲಿಟ್ಟು ಹೋದ. ಅವಳು ಅದನ್ನೂ ಎರಡು ಡಬ್ಬಿಗಳನ್ನೂ ತೊಳೆದು ಬೋರಲು ಹಾಕಿದಳು. ಆಮೇಲೆ ಮತ್ತೆ ಕಿಟಕಿಗೆ ಬಂದು, ದಾರಕ್ಕೆ ಇನ್ನೊಂದು ಗಂಟು ಬಿಗಿದಳು.