ಹೆಸರು ಕೇಳುವ ದೃಶ್ಯ

ದೆವ್ವಕ್ಕೆ ಏನೇನು ಬೇಕು ಎಂಬುದು ನಮಗೆ ಮೊದಲೇ ಗೊತ್ತಿತ್ತು. ಬಿಳಿ ಸೀರೆ, ಬಿಚ್ಚಿದ ಕೂದಲು, ಕಾಲ್ಗೆಜ್ಜೆ, ತಾನಾಗಿಯೇ ತೆರೆದುಕೊಳ್ಳುವ ಬಾಗಿಲು, ಮತ್ತೆ ಗಾಳಿ. ಚನ್ನಗಿರಿಯಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದ ನಾವು ಮೂವರು ಹುಡುಗಿಯರು ಹತ್ತು ನಿಮಿಷದ ಕಿರುಚಿತ್ರವೊಂದನ್ನು ಮಾಡಿ ಒಪ್ಪಿಸಬೇಕಿತ್ತು. ಸುತ್ತಮುತ್ತಲ ಬದುಕಿನ ಮೇಲೆ ಇರಲಿ ಎಂದಿದ್ದರು ಮೇಷ್ಟ್ರು. ಉಳಿದ ಗುಂಪುಗಳು ನೀರು, ಸ್ವಚ್ಛತೆ, ಮೊಬೈಲ್ ಗೀಳು ಎಂದು ಹಂಚಿಕೊಂಡವು. ನಾನು ದೆವ್ವ ಎಂದೆ. ಕಾರಣವೇನೂ ಘನವಾದದ್ದಲ್ಲ. ಎಲ್ಲಿ ಬೆಚ್ಚಿಬೀಳಬೇಕೆಂದು ನೋಡುವವರಿಗೆ ಮೊದಲೇ ಗೊತ್ತಿರುತ್ತದೆ, ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ. ಈ ಜಾಣತನದ ಬಗ್ಗೆ ಆಗ ನನಗೆ ಬಹಳ ಹೆಮ್ಮೆಯಿತ್ತು.

ಕಥೆ ನಾನೇ ಬರೆದೆ. ಹೊಸ ಸೊಸೆಗೆ ದೆವ್ವ ಹಿಡಿಯುತ್ತದೆ. ಮಂತ್ರವಾದಿ ಬಂದು ಹೆಸರು ಕೇಳುತ್ತಾನೆ, ಅದು ಕಿರುಚುತ್ತದೆ. ಅವಳ ಒಂದು ಹಿಡಿ ಕೂದಲನ್ನು ಮರಕ್ಕೆ ಮೊಳೆ ಹೊಡೆದು ಕತ್ತರಿಸುತ್ತಾನೆ. ದೆವ್ವ ಮರದಲ್ಲೇ ಉಳಿಯುತ್ತದೆ. ಸೊಸೆ ಎದ್ದು ಅತ್ತೆಗೆ ಚಹಾ ತಂದುಕೊಡುತ್ತಾಳೆ. ಕೂದಲು ನೇತಾಡುವ ಅಂಥ ಒಂದು ಮರವನ್ನು ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅಷ್ಟೇ ನನ್ನ ಸಂಶೋಧನೆ.

ಸೊಸೆಯ ಪಾತ್ರಕ್ಕೆ ಚಿಕ್ಕಮ್ಮನನ್ನು ಕೇಳೋಣ ಎಂದು ಹೊಳೆದದ್ದೂ ನನಗೇ. ಚಿಕ್ಕಮ್ಮ ಎಂದರೆ ಅವ್ವನ ತಂಗಿ. ಬಸವಾಪಟ್ಟಣದಲ್ಲಿ ಒಬ್ಬಳೇ ಇದ್ದು ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಯನ್ನು ಒಮ್ಮೆ ನೋಡಿದರೆ ಸಾಕು, ಅಳತೆ ಬಾಯಿಗೆ ಬರುತ್ತದೆ. ಹೋದ ವರ್ಷಕ್ಕಿಂತ ಎರಡು ಇಂಚು ಜಾಸ್ತಿ ಎಂದು ಮುಖದ ಮೇಲೇ ಹೇಳುತ್ತಾಳೆ. ಅವಳನ್ನು ಹೊನ್ನಾಳಿ ಕಡೆ ಮದುವೆ ಮಾಡಿ ಕೊಟ್ಟಿದ್ದರಂತೆ, ವರ್ಷದೊಳಗೆ ವಾಪಸು ಬಂದಳಂತೆ. ಅದಕ್ಕಿಂತ ಹೆಚ್ಚು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ನನಗೆ ಬೇಕಾಗಿದ್ದು ಸೊಂಟದ ತನಕ ಇಳಿಯುವ ಅವಳ ಕೂದಲು. ಅದನ್ನು ಅವಳು ಯಾವಾಗಲೂ ಗಂಟು ಕಟ್ಟಿ, ಮೇಲೆ ಸೆರಗು ಹೊದ್ದಿರುತ್ತಿದ್ದಳು.

"ಅವಳನ್ನ ಬಿಟ್ಟು ಬ್ಯಾರೆ ಯಾರನ್ನಾದ್ರೂ ನೋಡ್ಕ" ಎಂದಳು ಅವ್ವ.

"ಯಾಕೆ?"

"ಯಾಕಂದ್ರೆ ಯಾಕೆ. ಬ್ಯಾಡ ಅಂದೆ."

ಊರವರು ಏನಂದುಕೊಳ್ಳುತ್ತಾರೋ ಎಂಬ ಭಯ ಇವಳಿಗೆ ಎಂದುಕೊಂಡು, ಅವ್ವನಿಗೆ ಹೇಳದೆ ಬಸ್ಸು ಹತ್ತಿದೆ. ಚಿಕ್ಕಮ್ಮ ಕಥೆಯನ್ನು ಪೂರ್ತಿ ಕೇಳಿದಳು. ನಗುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಹೊಲಿಗೆ ಮಷೀನಿನ ಮೇಲೆ ಕೈಯಿಟ್ಟುಕೊಂಡು ಒಂದೇ ಮಾತು ಕೇಳಿದಳು.

"ಮುಖ ಕಾಣ್ತೈತಾ?"

"ಇಲ್ಲ ಚಿಕ್ಕಮ್ಮ. ಕೂದಲು ಮುಂದೆ ಬಿಟ್ಟಿರ್ತೀವಿ. ದೆವ್ವದ ಮುಖ ಯಾರಾದ್ರೂ ತೋರಿಸ್ತಾರಾ?"

"ಮಾತು ಕೊಡು."

ಕೈಮೇಲೆ ಕೈ ಹಾಕಿ ಮಾತು ಕೊಟ್ಟೆ.

ಭಾನುವಾರ ಮಧ್ಯಾಹ್ನ ಅವಳ ಮನೆಯಲ್ಲೇ ಶೂಟಿಂಗ್. ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು. ಒಬ್ಬ ಗೆಳತಿಯ ಫೋನೇ ಕ್ಯಾಮೆರಾ. ಇನ್ನೊಬ್ಬಳು ಹತ್ತಿಗೆ ಕಾಡಿಗೆ ಬಳಿದು ಗಡ್ಡ ಅಂಟಿಸಿಕೊಂಡು ಮಂತ್ರವಾದಿಯಾದಳು. ನಿರ್ದೇಶನ ಮತ್ತು ಟೇಬಲ್ ಫ್ಯಾನು ಎರಡೂ ನನ್ನದು. ಕ್ಯಾಮೆರಾದವಳು "ಗಾಳಿ ಬಿಡು" ಎಂದಾಗ ನಾನು ಸ್ವಿಚ್ ಒತ್ತಬೇಕು, ಚಿಕ್ಕಮ್ಮನ ಕೂದಲು ಹಾರಬೇಕು.

ನಮ್ಮ ಕಡೆ ದೆವ್ವಕ್ಕೂ ಗಾಳಿ ಎಂದೇ ಹೆಸರು. ಹಿಡಿದರೆ ಗಾಳಿ ಸೋಕಿತು ಎನ್ನುತ್ತಾರೆ, ಓಡಿಸಿದರೆ ಗಾಳಿ ಬಿಡಿಸಿದರು ಎನ್ನುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೂ ಅವತ್ತು ನನ್ನ ತಲೆಗೆ ಹೋಗಲಿಲ್ಲ. ಆ ಹುಡುಗಿ "ಗಾಳಿ ಬಿಡು" ಎಂದು ಕೂಗಿದಾಗಲೆಲ್ಲ ಚಿಕ್ಕಮ್ಮನ ಕೈ ನೆತ್ತಿಗೆ ಹೋಗುತ್ತಿತ್ತು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡೆ.

ಮೊಳೆಯ ದೃಶ್ಯಕ್ಕೆ ಹಿತ್ತಲಿನ ಬೇವಿನ ಮರ. ಅವಳ ಕೂದಲಿಗೆ ಒಂದು ಚೌರಿ ಸೇರಿಸಿ, ಅದರ ತುದಿಗೆ ಮೊಳೆ ಹೊಡೆಯುವುದೆಂದು ಮಾಡಿಕೊಂಡಿದ್ದೆವು. ಮಂತ್ರವಾದಿ ಗೆಳತಿ ಎದುರಿಗೆ ನಿಂತು ಬೇವಿನ ಸೊಪ್ಪು ಆಡಿಸುತ್ತಿದ್ದಳು.

"ಹಂಗಲ್ಲ" ಎಂದಳು ಚಿಕ್ಕಮ್ಮ. "ಹಿಂದ್ಕೆ ನಿಂತು ಕೂದಲು ಎಳೀಬೇಕು. ಮುಖ ಮ್ಯಾಲಕ್ಕೆ ಬರ್ಬೇಕು. ಆಮ್ಯಾಕೆ ಹೆಸರು ಕೇಳ್ಬೇಕು."

ನಮಗೆ ಖುಷಿಯೋ ಖುಷಿ. ಗೆಳತಿ ಹಿಂದೆ ಹೋಗಿ ಎಳೆದಳು. ಕೂದಲು ಪಕ್ಕಕ್ಕೆ ಸರಿಯಿತು, ಮುಖ ಪೂರ್ತಿ ಬಿಸಿಲಿಗೆ ತೆರೆದುಕೊಂಡಿತು. ನಾನದನ್ನು ಫೋನಿನ ಪರದೆಯಲ್ಲಿ ನೋಡುತ್ತಿದ್ದೆ. ನಿಲ್ಲಿಸಿ ಎನ್ನಬೇಕಿತ್ತು. ಎನ್ನಲಿಲ್ಲ.

"ಯಾರು ನೀನು? ಹೆಸರು ಹೇಳು."

ಚಿಕ್ಕಮ್ಮ ಕಿರುಚಬೇಕಿತ್ತು. ಅವಳು ತನ್ನ ಹೆಸರು ಹೇಳಿದಳು. ತಂದೆಯ ಹೆಸರು, ಊರು ಎಲ್ಲ ಸೇರಿಸಿ, ಶಾಲೆಯಲ್ಲಿ ಮಕ್ಕಳು ಎದ್ದು ನಿಂತು ಹೇಳುತ್ತಾರಲ್ಲ ಹಾಗೆ. ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೇಡ ಎಂದಿದ್ದಾಳೆ, ಈ ಸಲ ಕೇಳಿಯೇ ಬರೆಯುತ್ತಿದ್ದೇನೆ. ಗೆಳತಿ ಗಲಿಬಿಲಿಯಾಗಿ ನನ್ನತ್ತ ನೋಡಿದಳು. ಮುಂದುವರಿಸು ಎಂದು ಕೈಸನ್ನೆ ಮಾಡಿದೆ. ಅವಳು ಮತ್ತೆ ಕೇಳಿದಳು. ಚಿಕ್ಕಮ್ಮ ಮತ್ತೆ ಅದೇ ಹೆಸರು ಹೇಳಿದಳು. ಮೂರನೆಯ ಸಲ ಹೇಳುವಾಗ ದನಿ ಒಡೆದಿತ್ತು, ಕಣ್ಣು ನೇರ ಕ್ಯಾಮೆರಾದೊಳಗಿತ್ತು. ನೆತ್ತಿಯ ಬಳಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ.

ಆಮೇಲೆ ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಗಂಟು ಕಟ್ಟಿಕೊಳ್ಳುತ್ತ, ಯಾರೂ ಕೇಳದೆಯೇ ಹೇಳಿದಳು.

"ಹೊನ್ನಾಳಿ ಕಡೆ ಇದ್ದಾಗ ಮೂರು ತಿಂಗ್ಳು ನಾನು ಯಾರತ್ರಾನೂ ಮಾತಾಡಿರ್ಲಿಲ್ಲ. ಗಾಳಿ ಅಂದ್ರು. ಮರದತ್ರ ಕರ್ಕಂಡು ಹೋಗಿ ಹೆಸರು ಕೇಳಿದ್ರು. ನನ್ನ ಹೆಸರೇ ಹೇಳಿದೆ. ಸುಳ್ಳು ಹೇಳ್ತೈತೆ ಅಂತ ಹೊಡೆದ್ರು. ಎಷ್ಟು ಸಲ ಹೇಳಿದ್ರೂ ಹೊಡೆದ್ರು. ಕೊನಿಗೆ ಬಾವಿಗೆ ಬಿದ್ದು ಸತ್ತಿದ್ದ ಒಬ್ಬಾಕೆ ಹೆಸರು ಹೇಳಿದೆ. ಮೊಳೆ ಹೊಡೆದು, ಕೂದಲು ಬುಡದಿಂದ ಕಿತ್ತು ಬಿಟ್ಟುಬಿಟ್ರು."

ಗಡ್ಡದ ಗೆಳತಿ ಗಡ್ಡ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಾನು ಒದ್ದಾಡ್ದಂಗೆ ನಿಮ್ಮವ್ವ ನನ್ನ ಕಾಲು ಅದುಮಿ ಹಿಡ್ಕಂಡಿದ್ಲು" ಎಂದಳು ಚಿಕ್ಕಮ್ಮ ನನಗೆ. "ಅವಳೂ ಅಳ್ತಿದ್ಲು, ಪಾಪ. ತಡೀರಿ, ಚಹಾ ಮಾಡ್ತೀನಿ."

ಈ ವಿಷಯವಾಗಿ ಅವ್ವನನ್ನು ನಾನು ಈವರೆಗೂ ಕೇಳಿಲ್ಲ.

ಎಡಿಟಿಂಗ್‌ಗೆ ಕೂತಾಗ ನನಗೆ ಎಲ್ಲವೂ ಗೊತ್ತಿತ್ತು, ಹಾಗಾಗಿ ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ. ಹೊಸದಾಗಿ ಶೂಟ್ ಮಾಡೋಣ ಎಂದಳು ಒಬ್ಬಳು. ನಾನು ಒಪ್ಪಲಿಲ್ಲ. ಆ ಮುಖ ತೆಗೆದರೆ ಸಿನಿಮಾದಲ್ಲಿ ಉಳಿಯುವುದು ಫ್ಯಾನು ಮತ್ತು ಸೀರೆ ಮಾತ್ರ ಎಂದು ನನಗೆ ಗೊತ್ತಿತ್ತು. ಆದರೆ ತಂದೆಯ ಹೆಸರು, ಊರು ಹೇಳುವ ದೆವ್ವವನ್ನು ಕಂಡರೆ ಜನ ನಗುತ್ತಾರೆ. ಅದಕ್ಕೆ ಮುಖ ಇಟ್ಟುಕೊಂಡೆ, ಹೆಸರು ತೆಗೆದೆ. ಇಂಟರ್‌ನೆಟ್ಟಿನಿಂದ ಒಂದು ಚೀತ್ಕಾರ ಇಳಿಸಿಕೊಂಡು ಅವಳ ತುಟಿಗೆ ಸರಿಯಾಗಿ ಕೂರಿಸಿದೆ. ಹೆಸರು ಮುಚ್ಚಿಟ್ಟು ಅವಳ ಮಾನ ಕಾಪಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಸಮಜಾಯಿಷಿಗಳಿಗೆ ನನ್ನಲ್ಲಿ ಯಾವತ್ತೂ ಬರವಿಲ್ಲ.

ಕಾಲೇಜಿನಲ್ಲಿ ತೋರಿಸಿದಾಗ ಆ ಚೀತ್ಕಾರಕ್ಕೆ ಮುಂದಿನ ಸಾಲಿನ ಹುಡುಗಿಯರು ಮುಖ ಮುಚ್ಚಿಕೊಂಡರು, ಹಿಂದಿನ ಸಾಲಿನಿಂದ ಶಿಳ್ಳೆ ಬಂತು. "ಆ ಹೆಂಗಸು ಯಾರಮ್ಮ? ನಟನೆ ಅನ್ನಿಸೋದೇ ಇಲ್ಲ" ಎಂದರು ಮೇಷ್ಟ್ರು. ನಮ್ಮ ಚಿಕ್ಕಮ್ಮ ಸರ್ ಎಂದೆ. ಹೇಳುವಾಗ ನನ್ನ ಮುಖ ಅರಳಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ತಿಂಗಳ ಮೇಲೆ ಬ್ಲೌಸ್ ಹೊಲಿಸಲು ಹೋದಾಗ ಚಿಕ್ಕಮ್ಮನೇ ಕೇಳಿದಳು.

"ನಿನ್ನ ಸಿನಿಮಾ ನನಗೆ ತೋರಿಸ್ಲೇ ಇಲ್ಲ."

"ಲ್ಯಾಪ್‌ಟಾಪಿನಲ್ಲಿದೆ ಚಿಕ್ಕಮ್ಮ."

"ಫೋನಾಗೆ ನೋಡ್ತಾ ಕೂತಿರ್ತಿ ಅಂತ ನಿಮ್ಮವ್ವ ಹೇಳಿದ್ಲು. ತೋರ್ಸು."

ಕನ್ನಡಕ ಹಾಕಿಕೊಂಡು ಕೂತಳು. ಕೂದಲು ಹಾರುವ ದೃಶ್ಯಕ್ಕೆ ಸಣ್ಣಗೆ ನಕ್ಕು, ಸೀರೆಗೆ ಇಸ್ತ್ರಿ ಮಾಡಬೇಕಿತ್ತು ಎಂದಳು. ಬೇವಿನ ಮರ ಬಂತು. ಅವಳ ಮುಖ ಬಂತು. ಮಾತು ಕೊಟ್ಟಿದ್ದೆಯಲ್ಲ ಎಂದು ಈಗ ಕೇಳುತ್ತಾಳೆ ಎಂದು ಕಾದೆ. ಅವಳು ಕೇಳಲಿಲ್ಲ. ಪರದೆಯಲ್ಲಿ ಅವಳ ತುಟಿ ಅಲುಗಿತು, ಚೀತ್ಕಾರ ಹೊರಬಂತು.

"ಹಿಂದಕ್ಕೆ ಹಾಕು" ಎಂದಳು.

ಹಾಕಿದೆ. ಇನ್ನೊಮ್ಮೆ ಎಂದಳು. ಮೂರನೆಯ ಸಲ ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡಳು.

"ಹೆಸರು ಹೇಳಿದ್ನಲ್ಲ ನಾನು. ಮೂರು ಸಲ ಹೇಳಿದೆ."

"ಸೌಂಡ್ ಸರಿಯಾಗಿ ಬಂದಿರ್ಲಿಲ್ಲ ಚಿಕ್ಕಮ್ಮ" ಎಂದೆ. ಸುಳ್ಳು. ಪ್ರತಿ ಅಕ್ಷರವೂ ಸ್ವಚ್ಛವಾಗಿ ಬಂದಿತ್ತು, ಹಿಂದೆ ಕಾಗೆ ಕೂಗಿದ್ದೂ ಕೇಳುತ್ತಿತ್ತು.

"ಹೌದಾ" ಎಂದಳು. "ಅವತ್ತೂ ಹಂಗೇ ಅಂದ್ರು. ಇದು ನಿನ್ನ ದನಿ ಅಲ್ಲ ಅಂತ."

ಫೋನು ನನ್ನ ಕೈಗೆ ಕೊಟ್ಟು, ಅಳತೆ ಟೇಪು ತೆಗೆದುಕೊಂಡು, ಬೆನ್ನಿನ ಅಳತೆ ಬೇಕು, ತಿರುಗಿ ನಿಲ್ಲು ಎಂದಳು. ನನ್ನ ಅಳತೆ ಅವಳಿಗೆ ಬಾಯಿಪಾಠ. ಆದರೂ ತಿರುಗಿ ನಿಂತೆ.